ಉತ್ತರ ಕೊಡದ ಮನೆಗಳು

ಜೂನ್ ೩, ಡೊಂಬಿವಲಿ. ಬೆಳಿಗ್ಗೆ

ಇಲ್ಲಿನ ಕನ್ನಡ ಸಂಘದ ಪತ್ರಿಕೆಗೆ ‘ಕೃಷ್ಣವಿವರ’ ಎಂಬ ಪದದ ಟಿಪ್ಪಣಿ ಆರಂಭಿಸಿದೆ. ಒಳಹೊಕ್ಕ ಬೆಳಕೂ ಹಿಂದಿರುಗಲಾರದಷ್ಟು ಪ್ರಬಲ ಸೆಳೆತವುಳ್ಳ ಆಕಾಶಕಾಯ. ಇಷ್ಟು ನಿರ್ಮಲವಾದ ಅರ್ಥವನ್ನು ಜನ ಎಲ್ಲೆಲ್ಲಿಗೆ ಎಳೆದಿದ್ದಾರೆ! ಅರ್ಜಿ ನುಂಗುವ ಕಚೇರಿ, ತೆರಿಗೆ ನುಂಗುವ ರಸ್ತೆ — ಎಲ್ಲವೂ ‘ಬ್ಲ್ಯಾಕ್ ಹೋಲ್’. ಹೇಸಿಗೆ.

ಮೊಮ್ಮಗಳು ಅನಘಳೂ ತಿಂಡಿಯ ನಡುವೆ ಅದನ್ನೇ ಅಂದಳು. ಪಕ್ಕದ ಊರು ಕಲ್ಯಾಣದ ಜಯಲತಾ ತಮ್ಮ ಮಗ ಹಿತೇಶನೊಂದಿಗೆ ಬಂದು ಇವಳನ್ನು ನೋಡಿಹೋಗಿ ತಿಂಗಳಾಯಿತು. ಗೋಳಿಬಜೆಯನ್ನು ಹೊಗಳಿದರು, ಆಮೇಲೆ ಸುದ್ದಿಯಿಲ್ಲ. ಪುಣೆಯಲ್ಲಿ ಸಿಕ್ಕಿರುವ ಕೆಲಸಕ್ಕೆ ಇವಳು ಹತ್ತನೆಯ ತಾರೀಕಿನೊಳಗೆ ಒಪ್ಪಿಗೆ ಕೊಡಬೇಕು. ಹಿತೇಶ ಹಿಡಿಸಿದ್ದಾನೆ, ಸಂಬಂಧ ಕುದುರಿದರೆ ಪುಣೆ ಬೇಡವೆಂದು ಅವರ ಉತ್ತರಕ್ಕೆ ಕಾಯುತ್ತಿದ್ದಾಳೆ.

“ಆ ಮನೆ ಒಂದು ಬ್ಲ್ಯಾಕ್ ಹೋಲ್ ಅಜ್ಜ. ಬೇಡ ಅಂತಾದ್ರೂ ಹೇಳ್ಬೇಕಲ್ವಾ?”

“ಮದುವೆ ವಿಷಯದಲ್ಲಿ ಯಾರೂ ಬಾಯಿಬಿಟ್ಟು ಬೇಡ ಅನ್ನುದಿಲ್ಲ. ಸುಮ್ಮನಾಗುದೇ ಉತ್ತರ,” ಎಂದಳು ನನ್ನ ಹೆಂಡತಿ ವೇದಾವತಿ.

“ಹಾಗಾದರೆ ಯೋಚಿಸುತ್ತಿರುವವರನ್ನೂ ಬೇಡವೆಂದವರನ್ನೂ ಗುರುತಿಸುವುದು ಹೇಗೆ?” ಎಂದೆ.

“ನೀವೊಮ್ಮೆ ಸುಮ್ಮನಿರಿ ಮಾರಾಯ್ರೆ. ಹುಡುಗಿ ಕಡೆಯವರು ಮೇಲೆ ಬಿದ್ದು ಕೇಳಿದ್ರೆ ಸಸಾರ ಆಗ್ತದೆ.”

ಜೂನ್ ೬

ದಂತವೈದ್ಯರನ್ನು ಕಾಣಲು ನೌಪಾಡಾಕ್ಕೆ ಹೋಗಿದ್ದೆ. ಹೋಟೆಲಿನಲ್ಲಿ ದಿವಾ ಊರಿನ, ನಮ್ಮ ಪರಿಚಯದ ಮೋಹನದಾಸರು ಎದುರಾದರು. ಕೈಹಿಡಿದು ಕೇಳಿದರು: “ನಮ್ಮ ಅಕ್ಕನ ಮಗ ಸಾತ್ವಿಕನ ಜಾತಕ ನಿಮ್ಮಲ್ಲಿಗೆ ಬಂದು ಎಷ್ಟು ಕಾಲ ಆಯ್ತು... ಏನಾದ್ರೂ ನೋಡಿದ್ರಾ?”

ನನಗೆ ವಿಷಯವೇ ತಿಳಿದಿರಲಿಲ್ಲ. ವಿಚಾರಿಸಿ ಹೇಳುವೆನೆಂದು ಎದ್ದೆ.

ಮನೆಗೆ ಬಂದು ವಿಚಾರಿಸಿದೆ. ವೇದಾವತಿಗೆ ಲವಲೇಶವೂ ಸಂಕೋಚವಿಲ್ಲ. “ಕಲ್ಯಾಣದ್ದು ತಪ್ಪಿದ್ರೆ ಬೇಕಾಗ್ತದೆ ಅಂತ ಇಟ್ಟುಕೊಂಡಿದ್ದೆ.”

ಇಟ್ಟುಕೊಳ್ಳಲು ಅವನೇನು ಉಪ್ಪಿನಕಾಯಿಯೇ? ಅನಘಳಿಗೂ ಹೇಳಿರಲಿಲ್ಲ. ತಟ್ಟೆ ಸರಿಸಿ ಎದ್ದುಹೋದಳು.

ಜೂನ್ ೭

ಅನಘಳನ್ನು ಕೇಳಿಯೇ ದಿವಾಕ್ಕೆ ಹೊರಟೆ. ರೈಲಿನಲ್ಲಿ ಅನ್ಯರ ಬೆವರು, ನಿಲ್ದಾಣದಲ್ಲಿ ಎಲೆಯಡಿಕೆಯ ಉಗುಳು. ಮೋಹನದಾಸರಿಗೆ ನೇರವಾಗಿ “ಬೇಡ” ಎಂದೆ. ಕ್ಷಮೆ ಕೋರಿದೆ.

ಅವರ ಮುಖ ಅರಳಿತು! “ಹೇಳಿದ್ದು ಒಳ್ಳೇದಾಯ್ತು. ವಾಶಿಯ ಒಂದು ಹುಡುಗಿಯನ್ನು ನಿಲ್ಲಿಸಿ ಇಟ್ಟಿದ್ದೆವು, ನಿಮ್ಮದು ಗೊತ್ತಾಗ್ಲಿ ಅಂತ. ಇನ್ನು ಅವರಿಗೆ ಹೂಂ ಅನ್ಬಹುದು.”

ಇವರೂ! ವಾಶಿಯವರು ಮತ್ತಾರನ್ನು ನಿಲ್ಲಿಸಿದ್ದಾರೋ... ಸಂಪ್ರದಾಯವೆಂಬ ಹೆಸರಿನಲ್ಲಿ ಇಷ್ಟು ಹೊಲಸು. ಸ್ನಾನ ಮಾಡಿದರೂ ಹೋಗಲಿಲ್ಲ.

ಟಿಪ್ಪಣಿಯಲ್ಲಿ ಆಲಂಕಾರಿಕ ಪ್ರಯೋಗವನ್ನು ಹಳಿದಿದ್ದ ಭಾಗವನ್ನು ಹೊಡೆದುಹಾಕಿದೆ.

ಜೂನ್ ೧೦, ಸಂಜೆ

ಅನಘ ಪುಣೆಗೆ ಒಪ್ಪಿಗೆ ಕಳುಹಿಸಿದಳು. ಅನಂತರ ಜಯಲತಾ ಅವರಿಗೂ ತಾನೇ ಬರೆದಳು: “ಕಾದು ಸಾಕಾಯಿತು. ಈ ಸಂಬಂಧ ಬೇಡ. ನೀವು ಬೇರೆ ಕಡೆ ನೋಡಬಹುದು.” ನನಗೆ ತೋರಿಸಿದಳು. ಒಂದಕ್ಷರವನ್ನೂ ತಿದ್ದಲಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಕರೆ. ತಿಂಗಳಿಡೀ ಸತ್ತಂತಿದ್ದ ಆ ಮನೆಗೆ ಜೀವ ಬಂದಿದೆ! ಅನಘ ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟಳು.

“ಎಂಥದಮ್ಮಾ ಇದು?” ಜಯಲತಾ ಅವರ ಧ್ವನಿ. “ಹಿತೇಶ ಅವತ್ತೇ ಹೂಂ ಅಂದಿದ್ದ. ಪಕ್ಕನೆ ಒಪ್ಪಿದ್ರೆ ಹುಡುಗನ ಕಡೆಯವರಿಗೆ ಬೆಲೆ ಉಂಟಾ? ಅದಕ್ಕೇ ನಾವು ಸ್ವಲ್ಪ—”

ವೇದಾವತಿ ಫೋನಿಗೆ ಕೈಚಾಚಿದಳು. ಅನಘ ಕೊಡಲಿಲ್ಲ.

“ಹಿತೇಶ ಅಲ್ಲೇ ಇದ್ದಾನಾ ಆಂಟಿ?”

“ಇದ್ದಾನೆ.”

“ಇಷ್ಟು ದಿನವೂ ಅವನಿಗೆ ಗೊತ್ತಿತ್ತಾ, ನಾನು ಕಾಯ್ತಾ ಇದ್ದದ್ದು? ಅವನೇ ಹೇಳ್ಲಿ.”

ಫೋನು ಕೈ ಬದಲಾದ ಸದ್ದು. ಯಾರೋ ಉಸಿರಾಡುತ್ತಿದ್ದಾರೆ. ಅನಘ ಮೇಜಿನ ಅಂಚನ್ನು ಹಿಡಿದು ನಿಂತಿದ್ದಾಳೆ, ನಾನು ಅವನ ಉತ್ತರ ಕೇಳಲೆಂದು ಲೇಖನಿಯನ್ನು ಕೆಳಗಿಡುತ್ತಿದ್ದೇನೆ.