ಗುಂಯ್ ಅನ್ನುವ ಸದ್ದು ನಿಂತ ದಿನ

ಮನೆಯ ಮುಂಗೋಣೆ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪಿಟೀಲು,

ಹೇಗಿದ್ದೀಯಮ್ಮ? ಸರಿಯಾಗಿ ಊಟ ಮಾಡುತ್ತಿಲ್ಲ, ನಿದ್ದೆಯೂ ಇಲ್ಲ ಎಂದು ನಿನ್ನ ಗಂಡ ಹೇಳಿದ. ನೀನು ನನ್ನ ಫೋನ್ ಎತ್ತದೆ ಇಂದಿಗೆ ಹನ್ನೆರಡು ದಿನ. ಎತ್ತದಿದ್ದರೆ ಬೇಡ, ಈ ಕಾಗದವನ್ನಾದರೂ ಓದು. ಹುಟ್ಟಿದಾಗ ನಿನ್ನ ಅಳು ಕೇಳಿ ಪಿಟೀಲು ಎಂದು ಹೆಸರಿಟ್ಟವನು ನಿನ್ನ ಈ ಚಿಕ್ಕಪ್ಪನೇ ಅಲ್ಲವೇ, ನೀನು ಸುಮ್ಮನಿದ್ದರೆ ನನಗೆ ಕೈಕಾಲೇ ಆಡುವುದಿಲ್ಲ. ನಿಮ್ಮಮ್ಮ ಎದ್ದು ಓಡಾಡುತ್ತಿದ್ದಾರೆ, ಮಾತ್ರೆ ಮರೆಯದೆ ನುಂಗುತ್ತಾರೆ. ಮುಂಗೋಣೆಗೆ ಮಾತ್ರ ಕಾಲಿಡುವುದಿಲ್ಲ. ದಿನಾ ನಾನೇ ಬಂದು ಕಸ ಗುಡಿಸಿ ಕಿಟಕಿ ತೆರೆಯುತ್ತೇನೆ.

"ನಾನು ಕಳಿಸಿದ ಕೇಬಲ್ಲೇ ಅಪ್ಪನ್ನ ಕೊಂದಿದ್ದು" ಎನ್ನುತ್ತೀಯಂತೆ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಈ ಕಾಗದ ಬರೆಯಲು ಕೂತೆ. ಮೂವತ್ತೊಂದು ವರ್ಷ ಮನೆಮನೆಗೆ ವೈರಿಂಗ್ ಮಾಡಿದವನು ನಾನು. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ, ಕೇಳು.

ಅಣ್ಣ ಪ್ರೆಸ್ಸಿನ ಕೆಲಸ ಬಿಟ್ಟ ದಿನವೇ ಆಂಪ್ಲಿಫೈಯರ್, ಎರಡು ಸ್ಪೀಕರ್ ತಂದು ಈ ಕೋಣೆಯಲ್ಲಿಟ್ಟದ್ದು ನಿನಗೆ ಗೊತ್ತು. "ಮೂವತ್ತು ವರ್ಷ ಮೆಷಿನ್ ಗದ್ದಲ ಕೇಳಿದೀನಿ ಕಣೋ. ಇನ್ನು ಹಾಡೊಂದೇ ಕೇಳ್ಬೇಕು, ಅದರ ಹಿಂದೆ ಏನೂ ಕೇಳಬಾರ್ದು" ಎಂದಿದ್ದ. ಹಾಡೇನೋ ಕೇಳಿತು. ಆದರೆ ನೀನು ಬಿಟ್ಟುಹೋದ ಕಂಪ್ಯೂಟರನ್ನು ಅದಕ್ಕೆ ಜೋಡಿಸಿದ ದಿನದಿಂದ ಹಾಡಿನ ಹಿಂದೆ ಗುಂಯ್ ಎಂಬ ಸಣ್ಣ ಸದ್ದು ಸೇರಿಕೊಂಡಿತು. ನನಗೆ ಕಿವಿ ಹಚ್ಚಿದರಷ್ಟೇ ಕೇಳುತ್ತಿತ್ತು. ಅವನಿಗೆ ಅಡುಗೆಮನೆಯಲ್ಲಿ ಕೂತರೂ ಕೇಳುತ್ತಿತ್ತು. ಸ್ಪೀಕರಿಗೆ ದಪ್ಪ ತಂತಿ ಹಾಕಿಸಿದ. ತಗ್ಗಿನ ಸ್ವರ ಒಂಚೂರು ತುಂಬಿಕೊಂಡಿತು, ಸುಳ್ಳು ಹೇಳಬಾರದು. ಗುಂಯ್ ಹೋಗಲಿಲ್ಲ. ಸ್ಟೆಬಿಲೈಜರ್ ತಂದ, ಕರೆಂಟನ್ನು ಸೋಸುತ್ತದೆಂದು ಇನ್ನೊಂದು ಪೆಟ್ಟಿಗೆ ತಂದ. ನಾನು ನಗುತ್ತಿದ್ದೆ. "ಅಣ್ಣಾ, ಬೀದಿ ಕಂಬದಿಂದ ಇಲ್ಲೀವರೆಗೂ ಅದೇ ಹಳೇ ತಂತಿ. ಕೊನೇ ಒಂದು ಮಾರುದ್ದಕ್ಕೆ ಬಂಗಾರದ್ದು ಹಾಕಿದ್ರೂ ಬರೋ ಕರೆಂಟು ಅದೇ." ಅವನು ಸಿಡುಕುತ್ತಿದ್ದ: "ನಿನಗೆ ಬಲ್ಬು ಹತ್ತಿದ್ರೆ ಸಾಕು. ನನಗೆ ಹಾಡು ಕೇಳ್ಬೇಕು."

ಆಗಲೇ ನಿನ್ನ ಕೇಬಲ್ ಬಂತು, ಗೋಡೆಯ ಸಾಕೆಟ್ಟಿನಿಂದ ಆಂಪ್ಲಿಫೈಯರಿಗೆ ಕರೆಂಟು ಕೊಡುವಂಥದ್ದು. ಹಾವಿನಂತೆ ದಪ್ಪ, ಮೇಲೆ ನೇಯ್ಗೆಯ ಹೊದಿಕೆ. ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಸವರುತ್ತಾ ಕೂತಿದ್ದ. ಅದನ್ನು ಹಾಕಿದ ದಿನ ಗುಂಯ್ ನಿಂತಿತು. ಅವನು ಕುಣಿದಾಡುತ್ತಾ ನಿನಗೆ ಫೋನ್ ಮಾಡಿದ್ದು ನಿನಗೆ ನೆನಪಿರುತ್ತದೆ. ಅಷ್ಟು ಸಂತೋಷ ಅವನ ಮುಖದಲ್ಲಿ ನಾನು ಕಂಡದ್ದು ನಿನ್ನ ಮದುವೆಯಲ್ಲಿ, ಬಿಟ್ಟರೆ ಅವತ್ತು.

ಆ ಮಂಗಳವಾರದ ವಿಷಯ. ಕಂಪ್ಯೂಟರ್ ರಿಪೇರಿಗೆ ಹೋಗಿತ್ತು, ಅಣ್ಣ ರೇಡಿಯೋ ಹಾಕಿಕೊಂಡಿದ್ದ. ನಿಮ್ಮಮ್ಮ ಆಗಷ್ಟೇ ನೆಲ ಒರೆಸಿದ್ದರು. ಹಾಡು ಒಮ್ಮೆಲೇ ಕರಕರ ಎಂದಿತಂತೆ. ಅವನು ಬರಿಗಾಲಲ್ಲಿ ಹೋಗಿ, ಎಡಗೈಯಲ್ಲಿ ಕಿಟಕಿಯ ಕಂಬಿ ಹಿಡಿದು, ಬಲಗೈ ಆಂಪ್ಲಿಫೈಯರಿನ ತಗಡಿನ ಮೇಲಿಟ್ಟು ಬಗ್ಗಿದ. ಅಷ್ಟೇ. ನಿಮ್ಮಮ್ಮ ಮೇನ್ ಸ್ವಿಚ್ ಆರಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಬಂದು ಎದೆ ಒತ್ತಿದೆ, ಆಂಬ್ಯುಲೆನ್ಸಿನವರು ಬಂದು ನನ್ನ ಕೈ ಬಿಡಿಸುವವರೆಗೂ ಒತ್ತಿದೆ.

ಮೊನ್ನೆ ವಿದ್ಯುತ್ ಇನ್‌ಸ್ಪೆಕ್ಟರು ಬಂದಾಗ ಅವರ ಮುಂದೆಯೇ ಎಲ್ಲ ಬಿಚ್ಚಿದೆವು. ನಿನ್ನ ಕೇಬಲನ್ನು ಮೀಟರ್ ಹಾಕಿ ಎರಡೆರಡು ಸಲ ನೋಡಿದೆವು. ಅದರಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ. ಕೆಟ್ಟಿದ್ದು ಆಂಪ್ಲಿಫೈಯರ್ ಪೆಟ್ಟಿಗೆಯ ಒಳಗೆ. ಕರೆಂಟು ತರುವ ತಂತಿಯ ಹೊದಿಕೆ ಟ್ರಾನ್ಸ್‌ಫಾರ್ಮರಿನ ಕಾವಿಗೆ ಒಣಗಿ ಸೀಳಿ, ತಂತಿ ತಗಡಿಗೆ ತಾಗಿತ್ತು. ಹಾಗಾದಾಗ ಆ ಕರೆಂಟನ್ನು ನೆಲಕ್ಕೆ ಇಳಿಸಲೆಂದೇ ಅರ್ಥ್ ತಂತಿ ಇರುವುದು. ಅದು ಇದ್ದರೆ ಫ್ಯೂಸ್ ಹಾರುತ್ತದೆ, ಪೆಟ್ಟಿಗೆ ಸತ್ತು ಬೀಳುತ್ತದೆ, ಮನುಷ್ಯ ಬೈದುಕೊಂಡು ಬದುಕುತ್ತಾನೆ. ಗೋಡೆಯ ಸಾಕೆಟ್ಟಿನ ಮುಚ್ಚಳ ತೆಗೆದರೆ ಅರ್ಥ್ ತಂತಿ ತನ್ನ ಸ್ಕ್ರೂವಿನಲ್ಲಿರಲಿಲ್ಲ. "ಹಳೇ ಮನೆ, ಸಡಿಲ ಆಗಿ ಕಳಚಿರ್ಬೇಕು" ಎಂದು ಇನ್‌ಸ್ಪೆಕ್ಟರು ಬರೆದುಕೊಂಡು ಹೋದರು.

ಆದ್ದರಿಂದ ಮಗಳೇ, ನಿನ್ನ ಕೇಬಲ್ ಯಾರನ್ನೂ ಕೊಂದಿಲ್ಲ. ಇದನ್ನು ಬೇಕಾದರೆ ನೂರು ಸಲ ಓದು. ಹೊತ್ತು ಹೊತ್ತಿಗೆ ಊಟ ಮಾಡು, ನಿನ್ನ ಅಳುವನ್ನು ನಿನ್ನ ಗಂಡನಿಂದ ಬಚ್ಚಿಡಬೇಡ. ಮನೆಮಂದಿಗೆಲ್ಲ ನಾನು ಕೇಳಿದೆನೆಂದು ತಿಳಿಸು. ನೀನು ತಣ್ಣಗಿರು.

ಇಂತಿ,
ನಿನ್ನ ಚಿಕ್ಕಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿಯಾಗಿತ್ತು, ಮತ್ತೆ ಬಿಡಿಸಿದೆ. ಆ ಅರ್ಥ್ ತಂತಿ ತಾನಾಗಿ ಕಳಚಿರಲಿಲ್ಲ. ನಾನೇ ಬಿಚ್ಚಿದ್ದು. ನಿನ್ನ ಕೇಬಲ್ ಹಾಕಿದ ಮೇಲೂ ಗುಂಯ್ ಹೋಗಿರಲಿಲ್ಲ. ಅಣ್ಣನ ಮುಖ ಬಾಡಿತು. "ಮಗಳಿಗೆ ಏನಂತ ಹೇಳ್ಲೋ?" ಎಂದ. ಕಂಪ್ಯೂಟರ್ ಒಂದು ಸಾಕೆಟ್ಟಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ, ಎರಡು ಅರ್ಥ್ ಸೇರಿ ಆ ಸದ್ದು ಬರುತ್ತಿದೆಯೆಂದು ನನಗೆ ಗೊತ್ತಿತ್ತು. ಎರಡನ್ನೂ ಒಂದೇ ಕಡೆಗೆ ತರಲು ಅರ್ಧ ದಿನದ ಕೆಲಸ. ನನಗೆ ಬೇರೆ ಮನೆಗೆ ಹೋಗುವ ಅವಸರವಿತ್ತು. ಅವನು ನೀರು ಕುಡಿಯಲು ಒಳಗೆ ಹೋದಾಗ ಸಾಕೆಟ್ ತೆಗೆದು ಅರ್ಥ್ ಬಿಚ್ಚಿ ಪಕ್ಕಕ್ಕೆ ಮಡಚಿದೆ. ಎರಡು ನಿಮಿಷ. ಬಂದು ಕೇಳಿದ, ಸದ್ದಿಲ್ಲ. ನಿನ್ನ ಕೇಬಲ್ಲಿನ ಮಹಿಮೆಯೆಂದು ನಂಬಿದ. ನಾನೂ ನಂಬಿಸಿದೆ. ಮುಂದಿನ ವಾರ ಸರಿಯಾಗಿ ಮಾಡೋಣ ಅಂದುಕೊಂಡೆ. ಹದಿನಾಲ್ಕು ತಿಂಗಳಾಯಿತು. ಇನ್‌ಸ್ಪೆಕ್ಟರ ಎದುರು ಬಾಯಿ ಬರಲಿಲ್ಲ. ನಾಳೆ ಅವರ ಕಚೇರಿಗೆ ಹೋಗಿ ಬರೆದುಕೊಡುತ್ತೇನೆ. ನಿಮ್ಮಮ್ಮನಿಗೆ ಇನ್ನೂ ತಿಳಿಯದು. ಒಳಗೆ ಬಟ್ಟೆ ಮಡಚುತ್ತಿದ್ದಾರೆ. "ಅವಳದ್ದೇನೂ ತಪ್ಪಿಲ್ಲ ಅಂತ ಚೆನ್ನಾಗಿ ಒತ್ತಿ ಬರಿಯಪ್ಪಾ" ಎಂದು ಈಗಷ್ಟೇ ಅಲ್ಲಿಂದಲೇ ಕೂಗಿದರು. ಬರೆದಿದ್ದೇನೆ. ಈಗ ಎದ್ದು ಅವರ ಹತ್ತಿರ ಹೋಗುತ್ತೇನೆ.