ಮಡಗಾರ್ಡಿನ ಮೇಲಿನ ಜಾಗ

ನಮ್ಮ ಯಜಮಾನರಿಗೆ,

ನೀವು ತೀರಿಹೋಗಿ ವರ್ಷವಾಯಿತು. ನೀವಿರುವಲ್ಲಿಗೆ ಟಪಾಲು ಮುಟ್ಟುವುದಿಲ್ಲ, ಗೊತ್ತು. ಆದರೂ ಹೇಳಬೇಕೆನಿಸಿತು.

ನಿನ್ನೆ ವಿಜಾಪುರದಲ್ಲಿ ಸಿದ್ಧೇಶ್ವರನ ದರ್ಶನ ಮಾಡಿಕೊಂಡು ತಿಕೋಟಾದಲ್ಲಿ ಇಳಿದಾಗ ಜೋರು ಮಳೆ. ಘೋಣಸಗಿಗೆ ಬಸ್ಸಿಲ್ಲ. ನಿಮ್ಮ ತಮ್ಮ ರಾವುತಪ್ಪ ಡೀಸೆಲ್ಲಿಗೆಂದು ನಿಮ್ಮ ಟ್ರ್ಯಾಕ್ಟರ್ ತಂದಿದ್ದ. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಮಡಗಾರ್ಡಿನ ಮೇಲೆ ಕುಳಿತೆ. ಹೌದು, ನಾನೇ.

ಅವನು ಸ್ಟೇರಿಂಗಿನ ಹತ್ತಿರದ ರೇಸಿನ ಹಿಡಿಕೆ ಏರಿಸಿಟ್ಟು, ಕಾಲು ತೆಗೆದು ಆರಾಮ ಕುಳಿತಿದ್ದ. ಟ್ರ್ಯಾಕ್ಟರ್ ತಾನೇ ಒಂದೇ ವೇಗದಲ್ಲಿ ಓಡುತ್ತಿತ್ತು.

“ಮಳ್ಯಾಗ ಹಿಡಿಕಿ ಇಳಸೋ. ಕಾಲಿಂದ ರೇಸ್ ಕೊಡು,” ಅಂದೆ.

“ಯವ್ವಾ! ವೈನಿ, ನೀವು ಯಾವಾಗ ಡ್ರೈವರ್ ಆದ್ರಿ?”

“ನಿಮ್ಮಣ್ಣ ನಿನಗ ಬೈದದ್ದೆಲ್ಲಾ ಒಲಿ ಮುಂದ ಕುಂತು ಕೇಳೇನಿ. ಇಳಸ್ತೀಯೋ, ಇಲ್ಲಾ ನಾನ ಇಳೀಲ್ಯೋ?”

ನಗುತ್ತ ಇಳಿಸಿದ. ಮುಂದೆ ಹಳ್ಳದ ಇಳಿಜಾರಿನಲ್ಲಿ ಡಾಂಬರಿನ ಮೇಲೆ ಎರೆಮಣ್ಣು ಹರಿದು ಬಂದಿತ್ತು. ಗಾಲಿ ಜಾರಿತು. ಅವನು ಕಾಲೆತ್ತಿದ ಕೂಡಲೇ ವೇಗ ಇಳಿಯಿತು, ಟ್ರ್ಯಾಕ್ಟರ್ ದಂಡೆಯ ಕಲ್ಲಿನ ಹತ್ತಿರ ಮೆಲ್ಲಗೆ ನಿಂತಿತು.

ರಾವುತಪ್ಪ ಈ ಸಲ ನಗಲಿಲ್ಲ. “ಅಣ್ಣನ ಮಾತು ಉಳಿಸ್ತು, ವೈನಿ,” ಅಂದ. ಇಬ್ಬರೂ ಸಿದ್ಧೇಶ್ವರನಿಗೆ ಕೈ ಮುಗಿದೆವು. ಮನೆಗೆ ಬಂದು ಬಿಸಿ ಚಹಾ ಕುಡಿದೆವು. ಆ ದೇವರ ದಯೆಯಿಂದ ಎಲ್ಲರೂ ಆರಾಮ ಇದ್ದೇವೆ.

ಬಬಲೇಶ್ವರದ ಸಂತೆಗೆ ಹೊರಟಾಗಲೆಲ್ಲ ನೀವು “ಬಾ, ಕುಂದ್ರು” ಅನ್ನುತ್ತಿದ್ದಿರಿ. ನನಗೆ ಪ್ರತಿ ಸಲ ರೊಟ್ಟಿ ಬಡಿಯುವುದಿರುತ್ತಿತ್ತು.

ಮಡಗಾರ್ಡಿನ ಮೇಲೆ ಜಾಗ ಬೇಕಾದಷ್ಟಿದೆ. ಅಲ್ಲಿ ಕುಳಿತರೆ, ಇಂಜಿನ್ನಿನ ಅಷ್ಟು ಸದ್ದಿನಲ್ಲೂ, ನಡೆಸುವವರ ಮಾತು ಸರಿಯಾಗಿ ಕೇಳಿಸುತ್ತದೆ.