ಮೂವರು ಜ್ಞಾನತಂದೆಯರು

ಟೈರ್ ಪಟ್ಟಣದ ಕೋಟೆ,
ಪೆಂತೆಕೋಸ್ತ ಹಬ್ಬ ಕಳೆದ ಮಂಗಳವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ನಿನ್ನ ತವರಿನ ಬೆಟ್ಟದ ಚಳಿ ಈಗಲಾದರೂ ಬಿಟ್ಟಿರಬೇಕು. ಕರಡಿ ಕೊಬ್ಬು ತಿಕ್ಕಿಸಿಕೊ ಎಂದರೆ ವಾಸನೆ ಎನ್ನುತ್ತೀಯ, ತಿಕ್ಕದಿದ್ದರೆ ನರಳಿ ಮನೆಯವರನ್ನೆಲ್ಲ ಎಬ್ಬಿಸುತ್ತೀಯ. ನಾನು ಚೆನ್ನಾಗಿದ್ದೇನೆ. ಕೂಸು ನನಗಿಂತ ಚೆನ್ನಾಗಿದೆ, ಅತ್ತರೆ ಬಂದರಿನ ಹಡಗಿನವರಿಗೂ ಕೇಳಿಸುತ್ತದೆ. ಅಪ್ಪನ ಮುಖ ನೋಡದೆ ಹುಟ್ಟಿತಲ್ಲ ಎಂದು ದಾದಿಯರು ಕಣ್ಣೊರೆಸಿಕೊಳ್ಳುತ್ತಾರೆ. ಅದು ಮಾತ್ರ ಹಾಲು ಕುಡಿದು, ತೇಗಿ, ಹಾಯಾಗಿ ಮಲಗುತ್ತದೆ.

ಇನ್ನು ಸುದ್ದಿ. ಬೇರೆ ಯಾರಾದರೂ ಉಪ್ಪುಖಾರ ಹಚ್ಚಿ ಹೇಳುವ ಮೊದಲು ನನ್ನಿಂದಲೇ ಕೇಳಿಬಿಡು. ನಾನು ಮೂರನೆಯ ಮದುವೆ ಆಗುವುದಿಲ್ಲ.

ಇಲ್ಲಿನ ಕಟ್ಟಳೆ ನಿನಗೆ ಗೊತ್ತೇ ಇದೆ. ಕಿರೀಟ ಅಪ್ಪನಿಂದ ನನಗೆ ಬಂದದ್ದು, ಆದರೆ ಅದು ಹೆಂಗಸಿನ ತಲೆಯ ಮೇಲೆ ಒಂಟಿಯಾಗಿ ಕೂತರೆ ನಮ್ಮ ಸರದಾರರಿಗೆ ನಿದ್ದೆ ಹತ್ತುವುದಿಲ್ಲ. ಗಂಡ ಸತ್ತು ಶೋಕದ ವರ್ಷ ಮುಗಿದ ಮರುದಿನ ಮೂರು ಹೆಸರು ಹೊತ್ತು ಬರುತ್ತಾರೆ. ಅದರಲ್ಲಿ ಒಂದನ್ನು ನಾನು ಆರಿಸಲೇಬೇಕು, ಆರಿಸಿದವನು ರಾಜ. ವರ್ಷ ಮುಗಿಯುವ ತನಕ ಮಾತ್ರ ಯಾರೂ ಮದುವೆಯ ಸೊಲ್ಲೆತ್ತುವ ಹಾಗಿಲ್ಲ, ಎತ್ತಿದರೆ ತೀರಿಹೋದ ರಾಜನಿಗೆ ಅವಮಾನ. ನನಗೆ ಸಿಕ್ಕ ಸಂದು ಅದೊಂದೇ.

ಮೊದಲ ಸಲ ನನ್ನನ್ನು ಕೊಟ್ಟಾಗ ನಾನಿನ್ನೂ ಗೊಂಬೆ ಬಿಟ್ಟಿರಲಿಲ್ಲ. ‘ನಿನ್ನ ಒಳ್ಳೇದಕ್ಕೇ ಕಣೇ’ ಅಂದಿದ್ದೆ ನೀನು. ಆ ಮುದುಕ ಸತ್ತ ಮೇಲೆ ಎರಡನೆಯವರಾಗಿ ಗಾಲ್ತಿಯೆ ಬಂದರು, ಈ ಕೂಸಿನ ಅಪ್ಪ. ಕೆಟ್ಟವರಲ್ಲ. ಆದರೆ ಹಿಂದಿನ ಗಂಡನ ಮಗಳು ಅರಮನೆಯಲ್ಲಿರುವುದು ಚೆಂದವಲ್ಲ ಎಂದು ಸರದಾರರು ಹೇಳಿದಾಗ ಅವರು ತಲೆ ತಗ್ಗಿಸಿ ಕೂತರು. ನನ್ನ ಅಲಿಸ್‌ಳನ್ನು ಸೈಪ್ರಸ್ಸಿಗೆ, ಮುಂದೆಂದೋ ಅವಳ ಗಂಡನಾಗಬೇಕಾದ ಹುಡುಗನ ಮನೆಗೆ ಹಡಗು ಹತ್ತಿಸಿದರು. ಅವಳ ಮುಂದಿನ ಹಲ್ಲು ಆಗಷ್ಟೇ ಬಿದ್ದಿತ್ತು. ನಾನು ಊಟ ಬಿಟ್ಟು ಮಲಗಿದಾಗ ‘ಹೆಣ್ಣುಮಕ್ಕಳು ಎಲ್ಲಿಟ್ರೂ ಬೆಳೀತಾವೆ, ಏಳು’ ಎಂದು ನೀನು ಹೇಳಿ ಕಳಿಸಿದ್ದೆ. ಬೆಳೆದಿದ್ದಾಳೆ ಅಮ್ಮಾ. ಹೋದ ವರ್ಷ ನೋಡಲು ಬಂದವಳು ನನ್ನನ್ನು ‘ರಾಣಿಯವರೇ’ ಎಂದು ಕರೆದಳು. ಮೂರನೆಯವನು ಬಂದರೆ ಈ ಕೂಸೂ ಅದೇ ಹಡಗು ಹತ್ತುತ್ತದೆ. ನಾನು ಹತ್ತಿಸುವುದಿಲ್ಲ.

ಅಪ್ಪನ ತಮ್ಮ ರೋಹಾರ್ ಚಿಕ್ಕಪ್ಪನೇ ಈಗ ಸರದಾರರ ಸಭೆಗೆ ಯಜಮಾನ. ಮೂರು ಹೆಸರನ್ನು ಗುಟ್ಟಾಗಿ ಗೊತ್ತುಮಾಡಿಟ್ಟಿದ್ದರು. ಗುಟ್ಟು ಚಿಕ್ಕಮ್ಮನ ಹೊಟ್ಟೆಯಲ್ಲಿ ಎಷ್ಟು ಹೊತ್ತು ನಿಂತೀತು? ನನ್ನ ಮಂಚದ ಮೇಲೆ ಕೂತು ಬಾದಾಮಿ ಮಿಠಾಯಿ ಮೆಲ್ಲುತ್ತ, ‘ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ, ಮೂರೂ ಒಳ್ಳೇ ಸಂಬಂಧ’ ಎಂದು ಎಲ್ಲ ಕಕ್ಕಿದಳು. ಒಬ್ಬ ಬೆರ್ತ್ರಾಂ, ಕುದುರೆ ಬಿಟ್ಟು ಬೇರೆ ಮಾತೇ ಇಲ್ಲ. ಇನ್ನೊಬ್ಬ ಅನ್ಸೆಲ್ಮ್, ಇಬ್ಬರು ಹೆಂಡಿರನ್ನು ಮಣ್ಣುಮಾಡಿ ಇನ್ನೊಬ್ಬಳಿಗೆ ಕಾದು ಕೂತವನು. ಮೂರನೆಯವನು ನಿನ್ನ ಬೆಟ್ಟದ ಕಡೆಯ ಓಶಿನ್. ಅವನ ಹೆಸರು ಚಿಕ್ಕಪ್ಪನ ಕಿವಿಗೆ ಯಾರು ಹಾಕಿದರೋ ನನಗಾಗ ಹೊಳೆಯಲಿಲ್ಲ.

ಮರುದಿನವೇ ಮೂವರಿಗೂ ಹೇಳಿ ಕಳಿಸಿದೆ: ಹಬ್ಬದ ದಿನ ಕೂಸಿಗೆ ಜ್ಞಾನಸ್ನಾನ, ತೊಟ್ಟಿಯ ಪವಿತ್ರ ನೀರಲ್ಲಿ ಅದ್ದಿದ ಕೂಸನ್ನು ಎತ್ತಿಕೊಳ್ಳಲು ಜ್ಞಾನತಂದೆಯಾಗಿ ತಾವೇ ಬರಬೇಕು. ಕೂಸನ್ನು ಹಾಗೆ ಎತ್ತಿಕೊಂಡವನು ಹೆತ್ತವಳಿಗೆ ಒಡಹುಟ್ಟಿದವನಾಗುತ್ತಾನೆ, ಆಮೇಲೆ ಅವರಿಬ್ಬರ ಮದುವೆ ಸಾಯುವ ತನಕ ಪಾಪ. ಇದು ಇಲ್ಲಿ ಕತ್ತೆ ಹೊಡೆಯುವವನಿಗೂ ಗೊತ್ತು, ಅವರಿಗೂ ಗೊತ್ತು. ಆದರೆ ಒಲ್ಲೆ ಎನ್ನಲು ಕಾರಣ ಬೇಕಲ್ಲ? ಶೋಕದ ವರ್ಷದಲ್ಲೇ ರಾಣಿಯ ಮೇಲೆ ಕಣ್ಣಿಟ್ಟಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುತ್ತಾರೆ? ಸುಮ್ಮನೆ ಒಲ್ಲೆ ಎಂದರೆ, ರಾಜನ ತಬ್ಬಲಿ ಕೂಸನ್ನು ಮುಟ್ಟದವನು ಎಂದು ಊರೇ ಉಗಿಯುತ್ತದೆ. ಬೆರ್ತ್ರಾಂ ಕಾಲು ಉಳುಕಿದೆ ಎಂದು ಹೇಳಿ ಕಳಿಸಿದ. ನಾನು ಪಲ್ಲಕ್ಕಿ ಕಳಿಸಿದೆ.

ಮೂವರೂ ಬಂದು, ಮದುವೆಗೆಂದು ಹೊಲಿಸಿದ ಮಖಮಲ್ಲಿನಲ್ಲೇ ಸಾಲಾಗಿ ನಿಂತರು. ಬಿಷಪ್ಪರು ನನ್ನ ಕಡೆ ಬಾಗಿ, ‘ಹೆಣ್ಣುಕೂಸಿಗೆ ಮೂವರು ಜ್ಞಾನತಂದೆಯರೇನಮ್ಮಾ?’ ಅಂದರು. ‘ಹೆತ್ತ ತಂದೆ ಒಬ್ಬನೂ ಇಲ್ಲ ಸ್ವಾಮಿ, ಮೂವರು ಹೆಚ್ಚಾದರೇ?’ ಅಂದೆ. ನಗು ತಡೆಯಲು ಅವರು ಕೆಮ್ಮಿದರು. ಅನ್ಸೆಲ್ಮ್ ಎತ್ತಿಕೊಂಡಾಗ ಕೂಸು ಅವನ ತೋಳಿನ ಮೇಲೇ ಉಚ್ಚೆ ಹೊಯ್ಯಿತು. ಎಲ್ಲ ಮುಗಿದ ಮೇಲೆ ನಾನು ಕೈ ಮುಗಿದು, ‘ಅಣ್ಣಂದಿರೇ, ಊಟ ಮಾಡಿಕೊಂಡು ಹೋಗಿ’ ಅಂದೆ. ಕುರಿಮಾಂಸ ತುಂಬ ಚೆನ್ನಾಗಿತ್ತು. ಒಬ್ಬನೂ ಸರಿಯಾಗಿ ತಿನ್ನಲಿಲ್ಲ.

ಸಂಜೆ ಚಿಕ್ಕಪ್ಪ ಬಂದು ಬಾಗಿಲಲ್ಲೇ ನಿಂತು ಕೂಗಾಡಿದರು. ‘ಏನು ಮಾಡಿಟ್ಟಿದ್ದೀ ಗೊತ್ತೇನೇ? ರಾಜ್ಯಕ್ಕೊಂದು ಗಂಡು ದಿಕ್ಕು ಬೇಡ್ವಾ?’ ಅಂದರು. ‘ಮೂರು ಜನ ಅಣ್ಣಂದಿರಿದ್ದಾರಲ್ಲ ಚಿಕ್ಕಪ್ಪ, ಕೋಟೆ ಕಾಯಲಿ’ ಅಂದೆ. ‘ಬೇರೆ ಹೆಸರು ತರ್ತೀನಿ’ ಅಂದರು. ‘ತನ್ನಿ. ಜ್ಞಾನಸ್ನಾನದ ಮೇಲೆ ಕೂಸಿನ ಹಣೆಗೆ ಎಣ್ಣೆ ಹಚ್ಚುವ ದೃಢೀಕರಣಕ್ಕೂ ಒಬ್ಬ ಜ್ಞಾನತಂದೆ ಬೇಕಂತೆ, ಅವನೂ ನನಗೆ ಅಣ್ಣನೇ ಆಗುತ್ತಾನಂತೆ, ಬಿಷಪ್ಪರನ್ನು ಕೇಳಿಟ್ಟುಕೊಂಡಿದ್ದೇನೆ’ ಅಂದೆ. ಟೋಪಿ ಇಲ್ಲೇ ಮರೆತು ಹೋದರು. ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಹೋದ ಮೇಲೆ ಬಾಗಿಲಿಗೆ ಅಗುಳಿ ಹಾಕಿಸಿ, ತೊಟ್ಟಿಲನ್ನು ನನ್ನ ಮಂಚದ ಪಕ್ಕಕ್ಕೆ ಎಳೆದುಕೊಂಡೆ. ಆದರೂ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ನಾಳೆ ಮತ್ತೆ ಮಾಡು ಎಂದರೂ ಮಾಡುತ್ತೇನೆ.

ಮನೆಯ ಹಿರಿಯರಿಗೆಲ್ಲ ನನ್ನ ನಮಸ್ಕಾರ ಹೇಳು. ಕೊಬ್ಬು ಹಚ್ಚಿಸಿಕೊ. ನನ್ನ ಮೇಲೆ ಸಿಟ್ಟು ಬಂದರೂ ಆಶೀರ್ವಾದವನ್ನು ತಡೆಹಿಡಿಯಬೇಡ.

ನಿನ್ನ ಮಗಳು,
ಎಶಿವಾ

ತಾ.ಕ.: ಹಡಗಿನವನು ಅವಸರ ಮಾಡುತ್ತಿದ್ದಾನೆ. ಓಶಿನ್ ಹೊರಡುವಾಗ ಮುಖ ಕೆಂಪಗೆ ಮಾಡಿಕೊಂಡು ನನ್ನ ಕೈಗೊಂದು ಉಂಗುರವಿಟ್ಟ. ಮದುವೆಯ ದಿನ ತೊಡಿಸು ಎಂದು ನೀನೇ ಕೊಟ್ಟು ಕಳಿಸಿದ್ದಂತೆ. ಅಜ್ಜಿಯ ಕೆಂಪು ಹರಳು ನನಗೆ ಗುರುತು ಸಿಗದೇ ಅಮ್ಮಾ? ಮೊದಲು ಅಳು ಬಂತು, ಆಮೇಲೆ ಸಿಟ್ಟು. ಈಗ ಅದನ್ನು ದಾರಕ್ಕೆ ಪೋಣಿಸಿ ತೊಟ್ಟಿಲಿಗೆ ಕಟ್ಟಿದ್ದೇನೆ. ಕೂಸಿಗೆ ನಿನ್ನ ಹೆಸರನ್ನೇ ಇಟ್ಟೆ, ಶೂಶನ್. ಈ ಶೂಶನ್ ಎಲ್ಲಿಗೂ ಹೋಗುವುದಿಲ್ಲ, ನೋಡಬೇಕಾದರೆ ನೀನೇ ಬಾ. ಒಬ್ಬಳೇ ಬಾ. ಜೊತೆಗೆ ಇನ್ಯಾರನ್ನಾದರೂ ಕರೆತಂದರೆ, ದೃಢೀಕರಣದ ಜಾಗ ಇನ್ನೂ ಖಾಲಿ ಇದೆ.